ಐದು ಕೆರೆಗಳ ರಜೆ

ಗೌರಿ ಹಬ್ಬಕ್ಕೆ ಇನ್ನೂ ಒಂದು ವಾರವಿರುವಾಗಲೇ ಯಲಹಂಕ ಹಳೇ ಊರಿನ ಅಂಗಡಿ ಬೀದಿಗೆ ಮೊರಗಳು ಬಂದು ಕೂತಿರುತ್ತವೆ. ಒಂದರ ಮೇಲೊಂದು, ಎದೆಮಟ್ಟ. ಹಸಿ ಬಿದಿರು, ಅದಕ್ಕೆ ಬಳಿದ ಅರಿಶಿನ, ಕೆಳಗೆ ನೆನೆದ ಗೋಣಿಚೀಲ ಎಲ್ಲ ಸೇರಿ ಒಂದು ವಾಸನೆ. ಮೊನ್ನೆ ಅಮ್ಮ ಹೇಳಿದರೆಂದು ಒಂದು ಜೊತೆ ಮೊರ ಕೊಳ್ಳಲು ಹೋದವಳು ಆ ವಾಸನೆ ಮೂಗಿಗೆ ಬಡಿದು ಸುಮ್ಮನೆ ನಿಂತುಬಿಟ್ಟೆ. ಅಂಗಡಿಯಾಕೆ "ಎಷ್ಟ್ ಜೊತೆ ಬೇಕವ್ವಾ?" ಎಂದು ಎರಡು ಸಲ ಕೇಳಿದಳು. ನನಗೆ ಹೋದ ದಸರೆಯ ವಾರ ನೆನಪಾಗಿತ್ತು. ಸೋಮವಾರದಿಂದ ಶುಕ್ರವಾರದ ತನಕ, ದಿನಕ್ಕೊಂದು ಕೆರೆ.

ಆ ಟೂರು ಹಾಕಿಕೊಟ್ಟವನು ನನ್ನ ಅಣ್ಣ ಹರೀಶ. ಮದುವೆಯಾದ ಹೊಸದರಲ್ಲಿ ರೂಪತ್ತಿಗೆಗೆ ಕೇರಳದ ಹಿನ್ನೀರು ತೋರಿಸುತ್ತೇನೆ, ದೋಣಿಮನೆಯಲ್ಲಿ ಎರಡು ದಿನ ಇರೋಣ ಎಂದು ಮಾತು ಕೊಟ್ಟಿದ್ದ. ಅವನಿದ್ದದ್ದು ಸರಕು ಸಾಗಣೆ ಕಂಪನಿಯಲ್ಲಿ. ಊರಿಗೆಲ್ಲ ರಜೆ ಬಂದಾಗ ಅವನಿಗೆ ಲೋಡು ಜಾಸ್ತಿ. ಮೂರು ದಸರೆ ಹಾಗೇ ಕಳೆದವು. ಒಂದು ಭಾನುವಾರ ಇಡ್ಲಿ ತಿನ್ನುತ್ತಾ ಅತ್ತಿಗೆ, "ನಿಮ್ ದೋಣಿ ತೂತು ಬಿದ್ದಿದೆ ಬಿಡ್ರೀ, ಹತ್ತೋದ್ ಬೇಡ" ಎಂದರು. ಅಣ್ಣನಿಗೆ ಚುಚ್ಚಿತು. ಫೋನಿನಲ್ಲಿ ನಕ್ಷೆ ತೆಗೆದು ಟೇಬಲ್ ಮೇಲಿಟ್ಟ.

"ನೋಡೇ ಇಲ್ಲಿ. ಹೆಬ್ಬಾಳ, ಜಕ್ಕೂರು, ಅಳ್ಳಾಲಸಂದ್ರ, ಪುಟ್ಟೇನಹಳ್ಳಿ. ಆಮೇಲೆ ನಿಮ್ಮಪ್ಪನ ಮನೆ ಕೆರೆ. ಐದು ಕೆರೆ. ನೀಲಿ ನೀಲಿ ಹೇಗ್ ಕಾಣ್ತಿದೆ! ಇದ್ಬಿಟ್ಟು ಜನ ಕೇರಳಕ್ಕೆ ಓಡ್ತಾರೆ."

"ಅಳ್ಳಾಲಸಂದ್ರಕ್ಕೆ ಹನಿಮೂನಾ?" ಅಂದೆ ನಾನು.

"ನೀನ್ ಸುಮ್ನಿರು. ನೀನೇ ನಮ್ ಗೈಡು. ಟೂರ್ ಅಂದ್ರೆ ಟೂರ್. ಸ್ಕೂಟರ್ ತೆಗಿಯೋ ಹಾಗಿಲ್ಲ. ಬಸ್ಸು, ಆಟೋ, ಕಾಲು. ಬುತ್ತಿ ಕಟ್ಕೊಂಡು ಹೋಗ್ಬೇಕು. ಹೋದ ದಾರೀಲಿ ವಾಪಸ್ ಬರೋ ಹಾಗಿಲ್ಲ. ಇವೆಲ್ಲ ಬರ್ಕೋ ಚೈತೂ, ಹೇಗಿದ್ರೂ ನೀನು ಸ್ವರ್ಗಕ್ಕೆ ಹೋದ್ರೂ ಬಸ್ ನಂಬರ್ ಬರೀತೀಯ."

ನಾನು ಬರೆದುಕೊಂಡೆ. ಶಾಲೆಯ ದಿನಗಳಿಂದ ನನಗೆ ಆ ಅಭ್ಯಾಸ. ದಿನಾಂಕ, ಹೋದ ಜಾಗ, ತಿಂದದ್ದು, ಕಂಡ ಹಕ್ಕಿಗಳ ಸಂಖ್ಯೆ.

ಆ ದಸರೆ ಬರುವ ಮೊದಲೇ ಶ್ರಾವಣದಲ್ಲಿ ಅಣ್ಣನಿಗೆ ಡೆಂಗಿ ಬಂತು. ಐದನೆಯ ದಿನ ಹೋಗಿಬಿಟ್ಟ. ಆಸ್ಪತ್ರೆಯ ದಿನಗಳಲ್ಲಿ ನಾನು ಬರೆದದ್ದು ಜ್ವರ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಎಂಬುದು ಮಾತ್ರ. ಆಮೇಲೆ ಬರೆಯಲು ಸಂಖ್ಯೆಗಳಿರಲಿಲ್ಲ.

ಮರುವರ್ಷ ವರ್ಷದ ತಿಥಿ ಮುಗಿದ ಸಂಜೆ ಅತ್ತಿಗೆಯ ಅಪ್ಪ ನಮ್ಮ ಸಹಕಾರನಗರದ ಮನೆಯ ಹಾಲಿನಲ್ಲಿ ನಮ್ಮ ಅಪ್ಪನ ಪಕ್ಕ ಕೂತು, ಕಾಫಿ ಲೋಟ ಕೆಳಗಿಟ್ಟು, ಅಮ್ಮನಿಗೆ ಹೇಳಿದರು. "ದಸರಾ ಕಳೀಲಿ ತಾಯಿ. ರೂಪನ್ನ ಮನೆಗೆ ಕರ್ಕೊಂಡೋಗ್ತೀನಿ. ಮೇಲ್ಗಡೆ ಮನೆ ಖಾಲಿ ಮಾಡಿಸಿವ್ನಿ. ಎಣ್ಮಗು ಎಷ್ಟ್ ದಿನಾಂತ ಇಂಗೇ ಇರ್ತದೆ?" ಕೋಗಿಲಿನಿಂದ ಆಚೆಯ ಹಳ್ಳಿ ಅವರದು. ಹೊಲವಿದ್ದ ಕಡೆ ಈಗ ಅವರೇ ಕಟ್ಟಿಸಿದ ಬಾಡಿಗೆ ಮನೆಗಳು. ಒಳ್ಳೆಯ ಮನುಷ್ಯ. ಅಮ್ಮ, "ಅವಳಿಷ್ಟ. ಇಲ್ಲಿರೋದಾದ್ರೆ ಇದೂ ಅವಳ ಮನೇನೇ" ಎಂದರು. ಅತ್ತಿಗೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಉತ್ತರದ ಬದಲು ದಸರೆಯ ಹಿಂದಿನ ವಾರ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು. "ಅಂಗಡೀಲಿ ಐದು ದಿನ ರಜ ಹಾಕಿದೀನಿ ಚೈತೂ. ಕೆರೆ ಟೂರ್ ಹೋಗೋಣ್ವಾ?" ಆರ್.ಟಿ. ನಗರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವರದು. ನಾನು ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಸರಿ ಎಂದೆ.

ಅವರು ಆ ಕಡೆ ಹೋದ ಮೇಲೆ ಅಮ್ಮ ನನ್ನ ಹತ್ತಿರ ಬಂದರು. "ಕಡೇ ದಿನ ಅವರಪ್ಪನ ಮನೆ ಕೆರೆಗಲ್ವಾ ಹೋಗೋದು? ಅಲ್ಲೇ ಇರಿಸ್ಕೊಂಡ್ಬಿಡ್ತಾರೆ. ನಾನು ಇರು ಅಂದ್ರೆ ಬಲವಂತ ಮಾಡ್ದ ಹಾಗೆ. ನೀನು ಕೇಳು. ವಾಪಸ್ ಕರ್ಕೊಂಡು ಬಾ." ನಾನು ತಲೆಯಾಡಿಸಿದೆ. ನನಗೂ ಅವರು ಇರಬೇಕಿತ್ತು. ಅತ್ತಿಗೆ ಹೋದರೆ ಮನೆಯಲ್ಲಿ ಅಣ್ಣನ ಬಗ್ಗೆ ತಮಾಷೆಯಾಗಿ ಮಾತಾಡಬಲ್ಲವರು ಯಾರೂ ಉಳಿಯುತ್ತಿರಲಿಲ್ಲ.

ಸೋಮವಾರ ಹೆಬ್ಬಾಳ. ಬಳ್ಳಾರಿ ರಸ್ತೆಯಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಹರಿಯುತ್ತಾ "ಇಬ್ಬರೂ ಒಟ್ಟಿಗಾ?" ಎಂದ. "ಒಟ್ಟಿಗೆ" ಎಂದರು ಅತ್ತಿಗೆ. ಮೋಡ ಇತ್ತು, ಮಳೆಯಿರಲಿಲ್ಲ. ಕೆರೆಯ ಆಚೆ ಮೇಲ್ಸೇತುವೆಯ ಮೇಲೆ ವಾಹನಗಳು ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಿದ್ದವು. ನೀರಿನಲ್ಲಿ ನಾಮದ ಕೋಳಿಗಳು ಹಣೆಯ ಬಿಳಿ ಪಟ್ಟೆ ತೋರಿಸುತ್ತಾ ಓಡಾಡುತ್ತಿದ್ದವು. ನಲವತ್ತರ ತನಕ ಎಣಿಸಿ ನಿಲ್ಲಿಸಿದೆ. ಕಲ್ಲುಬೆಂಚಿನ ಮೇಲೆ ಕೂತು ಪುಳಿಯೋಗರೆ ತಿಂದೆವು.

"ಉಪ್ಪು ಕಮ್ಮಿ ಆಗಿದೆ" ಎಂದರು ಅತ್ತಿಗೆ.

"ಹೂಂ."

ಆ ದಿನ ನಾವು ಆಡಿದ ಮಾತು ಹೆಚ್ಚು ಕಡಿಮೆ ಅಷ್ಟೇ. ಬೇಜಾರಾಗಲಿಲ್ಲ. ಖುಷಿಯೂ ಆಗಲಿಲ್ಲ. ಗಾಜಿನ ಆಚೆಯಿಂದ ಕೆರೆ ನೋಡುತ್ತಿದ್ದ ಹಾಗಿತ್ತು. ವಾಪಸ್ ಬರುವಾಗ ನಿಯಮದ ಪ್ರಕಾರ ಬೇರೆ ದಾರಿ ಹಿಡಿದು, ಕೊಡಿಗೇಹಳ್ಳಿ ಕಡೆಯಿಂದ ಸುತ್ತಿ ನಡೆದು ಬಂದೆವು.

ಮಂಗಳವಾರ ಜಕ್ಕೂರಿಗೆ ಆಟೋ ಹಿಡಿದೆವು. ಅತ್ತಿಗೆಯ ಕೈಯಲ್ಲಿ ಬುತ್ತಿ ಚೀಲ, ತಲೆಗೆ ಅಣ್ಣನ ಟೋಪಿ, ನನ್ನ ಕೊರಳಿಗೆ ಬೈನಾಕ್ಯುಲರ್. ಡ್ರೈವರ್ ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ ಕೇಳಿದ.

"ಯಾವೂರಿಂದ ಬಂದಿರೋದು ಮೇಡಂ?"

"ಸಹಕಾರನಗರ."

"ಅರೇ, ನಾನ್ ಹತ್ತಿಸ್ಕೊಂಡಿದ್ದೇ ಸಹಕಾರನಗರದಲ್ಲಲ್ವಾ! ಟೂರ್ ಬಂದಿರೋ ಹಾಗ್ ಕಾಣ್ತಿದೀರ, ಅದಕ್ಕೆ ಕೇಳ್ದೆ."

"ಟೂರೇ" ಎಂದರು ಅತ್ತಿಗೆ. "ಜಕ್ಕೂರ್ ಕೆರೆ ನೋಡೋಕ್ ಬಂದಿದೀವಿ. ನೋಡೋ ಜಾಗ ಇನ್ನೇನಿದೆ ಈ ಕಡೆ?"

ಅವನು ಸ್ವಲ್ಪ ಹೊತ್ತು ಯೋಚಿಸಿದ. "ನಮ್ಮ ಆರ್.ಟಿ. ನಗರ ಇದೆ ಮೇಡಂ. ಸಂಜೆ ಮೇಲೆ ಬನ್ನಿ, ಟ್ರಾಫಿಕ್ ಚೆನ್ನಾಗಿರುತ್ತೆ."

ಅತ್ತಿಗೆ ನಕ್ಕರು. ಒಂದು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಆಟೋ ಇಳಿಯುವಷ್ಟರಲ್ಲಿ ಆ ನಗು ಎಲ್ಲೋ ಹೋಗಿತ್ತು, ಛತ್ರಿ ಮಡಿಸಿ ಚೀಲಕ್ಕೆ ಹಾಕಿದಂತೆ.

ಜಕ್ಕೂರಿನ ಏರಿಯ ಮೇಲೆ ನಡೆಯುವವರು ಬಹಳ. ನೀರಿನ ಅಂಚಿನಲ್ಲಿ ಒಬ್ಬ ಹರಿಗೋಲಿನಿಂದ ಬಲೆ ಇಳಿಸಿಕೊಳ್ಳುತ್ತಿದ್ದ. ಅತ್ತಿಗೆ, "ಅಣ್ಣಾ, ಒಂದ್ ರೌಂಡ್ ಕರ್ಕೊಂಡ್ ಹೋಗ್ತೀರಾ?" ಎಂದು ಕೇಳಿಯೇಬಿಟ್ಟರು.

"ಇದು ಮೀನ್ ಬುಟ್ಟಿ ಕಣಮ್ಮ. ಇದ್ರಾಗೆ ಕೂತ್ರೆ ಮನೇಲಿ ಒಳಕ್ ಸೇರ್ಸಲ್ಲ ನಿಮ್ಮನ್ನ."

"ಯಾವ ಮನೇಲಿ?" ಎಂದರು ಅತ್ತಿಗೆ. ಕೇಳಿದ್ದು ಅವನನ್ನಲ್ಲ. ಅವನು ಆಗಲೇ ಬಲೆ ಹೆಗಲಿಗೆ ಹಾಕಿಕೊಂಡು ಹೊರಟಿದ್ದ. ನಾನು ಉತ್ತರಿಸಬಹುದಾಗಿತ್ತು, ಅಮ್ಮ ಒಪ್ಪಿಸಿದ ಮಾತನ್ನು ಆಗಲೇ ಆಡಬಹುದಾಗಿತ್ತು. ಬೈನಾಕ್ಯುಲರ್ ಎತ್ತಿ ನೀರುಕಾಗೆಗಳನ್ನು ಎಣಿಸಿದೆ.

ಬುಧವಾರ ಅಳ್ಳಾಲಸಂದ್ರಕ್ಕೆ ಹೋಗುವಷ್ಟರಲ್ಲಿ ಮಳೆ ಹಿಡಿಯಿತು. ಗಾಳಿಗೆ ಛತ್ರಿ ತಿರುಗುಮುರುಗಾಯಿತು. ಕೆರೆಯ ಬಾಗಿಲ ತನಕವೂ ಹೋಗದೆ ಬಸ್ ನಿಲ್ದಾಣದ ಸೂರಿನ ಕೆಳಗೆ ನಿಂತು ಚಪಾತಿ ಪಲ್ಯ ತಿಂದೆವು. ಎರಡು ಮನೆಗಳ ಸಂದಿನಲ್ಲಿ ಒಂದು ಬೂದು ಪಟ್ಟಿ ಕಾಣುತ್ತಿತ್ತು.

"ಅದೇ ಕೆರೆ. ಲೆಕ್ಕಕ್ಕೆ ಬರುತ್ತೆ, ಬರ್ಕೋ" ಎಂದರು.

"ಹಕ್ಕಿ ಏನಂತ ಬರೀಲಿ?"

"ಎರಡು, ನೆಂದಿದ್ದವು ಅಂತ ಬರಿ."

ಹಾಗೇ ಬರೆದೆ. ಆ ಮಳೆ ಮನೆಗೆ ಬಂದ ಮೇಲೂ ನಿಲ್ಲಲಿಲ್ಲ. ಬೆಳಗಾಗುವ ತನಕ ಮೇಲಿನ ನೀರಿನ ಟ್ಯಾಂಕ್ ತುಂಬಿ ಸುರಿಯುತ್ತಲೇ ಇತ್ತು.

ಗುರುವಾರ ಯಲಹಂಕದ ಪುಟ್ಟೇನಹಳ್ಳಿ ಕೆರೆ. ಹಕ್ಕಿಗಳಿಗೆಂದೇ ಬಿಟ್ಟ ಜಾಗ ಅದು. ಮಳೆ ತೊಳೆದು ಹೋದ ಬೆಳಕಿನಲ್ಲಿ ನಡುಗಡ್ಡೆಯ ಮರಗಳು ಎದ್ದು ಕಾಣುತ್ತಿದ್ದವು. ಬೇಲಿಯ ಈಚೆ ನಿಂತಾಗ ಅತ್ತಿಗೆಗೆ ಫೋನ್ ಬಂತು. ಅವರಪ್ಪ ಎಂದಿನಂತೆ ಕೂಗಿ ಮಾತಾಡುತ್ತಿದ್ದರು, ನನಗೂ ಕೇಳಿಸಿತು.

"ನಮ್ ಕೆರೆ ಕೋಡಿ ಬಿದ್ದದೆ ಕಣವ್ವ! ಎಷ್ಟು ವರ್ಸದ ಮೇಲೆ! ನಾಳೆ ಸುಕ್ರವಾರ, ಬಾಗಿನ ಕೊಡ್ತಾ ಇದೀವಿ. ಬಂದ್ಬುಡು. ಬಟ್ಟೆ ಬರೆ ಆಮೇಲೆ ತರ್ಸನ."

ಫೋನ್ ಇಟ್ಟು ಅವರು ಮತ್ತೆ ಮರಗಳ ಕಡೆ ತಿರುಗಿದರು. ನಾನು ಕೇಳಿದೆ. "ಅತ್ತಿಗೆ, ನಾಳೆ ಹೋದ್ರೆ ಅಲ್ಲೇ ಇದ್ಬಿಡ್ತೀರಾ?"

"ಗೊತ್ತಿಲ್ಲ ಚೈತೂ. ನಿಮ್ಮನೇಲಿ ಅವರ ಶರ್ಟುಗಳು ತೂಗಾಡ್ತಿವೆ. ಅಲ್ಲಿ ಏನೂ ಆಗೇ ಇಲ್ಲ ಅನ್ನೋ ಹಾಗೆ ನೋಡ್ಕೋತಾರೆ. ಎಲ್ಲಿದ್ರೂ ಒಂದೇ ಅನ್ಸತ್ತೆ. ಇಲ್ಲೇ ಇರ್ಬೇಕು, ಅಲ್ಲೇ ಇರ್ಬೇಕು ಅಂತ ಒಂದ್ ಕಡೆಗೆ ಮನಸ್ಸು ಎಳೆದ್ರೆ ಸುಲಭ. ಎಳೀತಾನೇ ಇಲ್ಲ."

"ಅಮ್ಮ ನಿಮ್ಮನ್ನ ವಾಪಸ್ ಕರ್ಕೊಂಡು ಬಾ ಅಂದಿದಾರೆ."

"ಗೊತ್ತು. ನೀನು?"

ನಾನು "ಬನ್ನಿ" ಎನ್ನಬೇಕಿತ್ತು. "ಅಲ್ಲಿ ನೋಡಿ, ಬಣ್ಣದ ಕೊಕ್ಕರೆ" ಎಂದೆ. ಅವರು ನೋಡಿದರು.

ಶುಕ್ರವಾರ ಕೋಗಿಲಿನಲ್ಲಿ ಬಸ್ಸಿಳಿದು ಅಲ್ಲಿಂದ ಆಟೋದಲ್ಲಿ ಹೋದೆವು. ಬುತ್ತಿಗೆ ಅಮ್ಮ ಚಿತ್ರಾನ್ನ ಕಟ್ಟಿದ್ದರು, ಇಬ್ಬರಿಗೂ ಬೇರೆ ಬೇರೆ ಡಬ್ಬಿಯಲ್ಲಿ. ಹಳ್ಳಿಗೆ ತಿರುಗುವಾಗಲೇ ಕೋಡಿಯ ಸದ್ದು ಕೇಳಿಸಿತು. ಏರಿಯ ತುದಿಯಲ್ಲಿ ಕೆಂಪು ನೀರು ಕಲ್ಲುಕಟ್ಟೆಯ ಮೇಲಿಂದ ಒಂದೇ ಸಮನೆ ಇಳಿಯುತ್ತಿತ್ತು. ಹೊಸ ಅಪಾರ್ಟ್‌ಮೆಂಟಿನವರು ಬಾಲ್ಕನಿಗಳಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರು. ಏರಿಯ ಮೇಲೆ ಚಪ್ಪರ, ಬಾಳೆಕಂದು, ಗಂಗಮ್ಮನ ಕಲಶ.

ಆ ಊರಿನಲ್ಲಿ ಕೆರೆಗೆ ಬಾಗಿನ ಕೊಡುವುದಕ್ಕೆ ಅವರದೇ ಪದ್ಧತಿಯಿದೆ. ಪ್ರತಿ ಮನೆಯಿಂದಲೂ ಮನೆಯ ಸೊಸೆಗೊಂದು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಒಂದೊಂದು ಜೊತೆ ಮೊರ. ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ ಕುಂಕುಮ. ಮೇಲೊಂದು ಮೊರ ಮುಚ್ಚಿ ಅರಿಶಿನದ ದಾರ ಸುತ್ತುತ್ತಾರೆ. ಒಮ್ಮೆ ದಾರ ಸುತ್ತಿದ ಮೊರವನ್ನು ಮನೆಯವರು ಬಿಚ್ಚುವಂತಿಲ್ಲ, ಏರಿಗೆ ತಂದ ಮೇಲೆ ಮನೆಗೆ ಒಯ್ಯುವಂತಿಲ್ಲ. ಅದು ನೀರಿನದು. ಎಷ್ಟು ಜೊತೆ ಎಂದು ಎಣಿಸಿ ಹೇಳುವವರು ಮನೆಯ ಹಿರಿಯ ಹೆಂಗಸು. ಅತ್ತಿಗೆಯ ಮನೆಯಲ್ಲಿ ಅದು ಅವರ ಅಜ್ಜಿ. ಗಂಡ ತೀರಿದ ಮೇಲೆ ಅಜ್ಜಿ ಮೊರ ಮುಟ್ಟುವುದಿಲ್ಲ, ನೀರಿನ ಹತ್ತಿರವೂ ಬರುವುದಿಲ್ಲ. ಬೆರಳು ಮಡಿಸಿ ಲೆಕ್ಕ ಹೇಳುತ್ತಾರೆ, ಅತ್ತಿಗೆಯ ಅಮ್ಮ ತುಂಬುತ್ತಾರೆ.

ಪೂಜೆ ಮುಗಿಯಿತು. ಅತ್ತಿಗೆಯ ಅಮ್ಮ ತಮ್ಮ ಮೊರ ಬಿಟ್ಟರು. ಅತ್ತಿಗೆಯ ಅಕ್ಕ ಬಿಟ್ಟರು. ಚಾಪೆಯ ಮೇಲೆ ಇನ್ನೂ ಒಂದು ಜೊತೆ ಉಳಿದಿತ್ತು. ಅತ್ತಿಗೆಯ ಅಮ್ಮ ಅದನ್ನೇ ನೋಡುತ್ತಾ ನಿಂತರು.

"ಅತ್ತೆಮ್ಮ, ನೀವು ಮೂರು ಅಂದ್ರಿ. ನಾನು ತುಂಬ್ಬುಟ್ಟೆ" ಎಂದರು, ಅಜ್ಜಿಯ ಕಡೆ ತಿರುಗಿ, ಸಣ್ಣ ದನಿಯಲ್ಲಿ.

ಬೇರೆ ಮನೆಗಳ ಹೆಂಗಸರು ಅತ್ತಿಗೆಯ ಹಣೆಯ ಕಡೆ ಒಮ್ಮೆ ನೋಡಿ ನೋಟ ತಿರುಗಿಸಿದರು. ಅತ್ತಿಗೆ ನನ್ನ ಪಕ್ಕದಲ್ಲಿ, ಬುತ್ತಿ ಚೀಲ ಹಿಡಿದು, ಯಾರದೋ ಮದುವೆಗೆ ಬಂದವರ ಹಾಗೆ ನಿಂತಿದ್ದರು.

"ಏನವ್ವ ನೀನು, ಇಂಗ್ ಮಾಡ್ಬುಟ್ಟೆ?" ಎಂದರು ಅವರಪ್ಪ, ದೂರದ ಕಲ್ಲಿನ ಮೇಲೆ ಕೂತಿದ್ದ ಅಜ್ಜಿಗೆ. ಸಿಟ್ಟಿರಲಿಲ್ಲ, ಮಗಳ ಎದುರು ಹೀಗಾಯಿತಲ್ಲ ಎಂಬ ಸಂಕಟವಿತ್ತು. "ಲೆಕ್ಕ ತಪ್ತಲ್ಲ."

"ಏನ್ ತಪ್ತು?" ಅಜ್ಜಿ ಅಲ್ಲಿಂದಲೇ ಕೂಗಿದರು. "ನಾನೆಣಿಸಿದ್ದು ಮನೆ ಎಣ್ಮಕ್ಳ್ನ ಕಣ್ಲಾ. ಗಂಡಂದಿರ್ನ ಎಣಿಸ್ಲಿಲ್ಲ."

ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ಬಿಚ್ಚುವಂತಿಲ್ಲ, ಒಯ್ಯುವಂತಿಲ್ಲ. ಏನು ಮಾಡುವುದೆಂದು ಗುಸುಗುಸು ನಡೆಯಿತು. ಪಕ್ಕದ ಮನೆಯ ಹೆಂಗಸೊಬ್ಬರು ದಾರಿ ಕಂಡವರಂತೆ ನನ್ನ ತೋಳು ಹಿಡಿದರು. "ಈ ಮಗು ಕೊಡ್ಲಿ ಬಿಡಿ. ಮದ್ವೆ ಆಗ್ದಿರೋ ಎಣ್ಮಗು, ದೋಸ ಇಲ್ಲ." ಎಲ್ಲರಿಗೂ ಉಸಿರು ಬಂತು. ಅತ್ತಿಗೆಯ ಅಪ್ಪ ತಾವೇ ಮೊರ ಎತ್ತಿ ನನ್ನ ಕೈಗಿಟ್ಟರು. ಭಾರವಿತ್ತು. ಹಸಿ ಬಿದಿರಿನ ವಾಸನೆ ನೇರ ಮುಖಕ್ಕೆ ಬಂತು.

ಮೆಟ್ಟಿಲಿಳಿದು ನೀರಿನ ಹತ್ತಿರ ಹೋದೆ. ಬಗ್ಗಿ ಬಿಟ್ಟರೆ ಮುಗಿಯುತ್ತಿತ್ತು. ಅಣ್ಣ ಹೇಳಿದ ಐದೂ ಕೆರೆ ಆಗುತ್ತಿತ್ತು, ಸಂಜೆ ಅತ್ತಿಗೆಯನ್ನು ಹೊರಡಿಸಿಕೊಂಡು ಬರುವುದಕ್ಕೂ ಸುಲಭವಾಗುತ್ತಿತ್ತು. ಇಲ್ಲಿ ತನ್ನ ಮೊರ ಬೇರೆಯವರ ಕೈಗೆ ಹೋದದ್ದನ್ನು ನೋಡಿದವರು ಇಲ್ಲಿರಲು ಒಪ್ಪುತ್ತಿರಲಿಲ್ಲ. ಅದು ನನಗೆ ಆ ಮೆಟ್ಟಿಲ ಮೇಲೆ ತಿಳಿಯಿತು, ಕೂಡಿಸುವ ಲೆಕ್ಕ ತಿಳಿದಂತೆ, ತಣ್ಣಗೆ. ತಿರುಗಿ ನೋಡಿದೆ. ಅತ್ತಿಗೆ ನೋಡುತ್ತಿದ್ದದ್ದು ನನ್ನನ್ನಲ್ಲ, ಮೊರವನ್ನು.

"ನಾನು ಈ ಮನೆ ಮಗಳಲ್ಲ" ಎಂದೆ. ಕೋಡಿಯ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಜೋರಾಗಿ ಹೇಳಿದೆ. "ಈ ಮನೆ ಮಗಳು ರೂಪತ್ತಿಗೆ. ಇದು ಅವರ ಲೆಕ್ಕದ್ದು."

ಅತ್ತಿಗೆಯ ಅಪ್ಪ ಅಜ್ಜಿಯ ಕಡೆ ನೋಡಿದರು. ಅಜ್ಜಿ ಮೂರನೆಯ ಬೆರಳು ಮಡಿಸಿದ ಕೈಯನ್ನು ಇನ್ನೂ ಮಡಿಸಿಕೊಂಡೇ ಕೂತಿದ್ದರು. ಅತ್ತಿಗೆ ಮೆಟ್ಟಿಲಿಳಿದು ಬಂದು, ಬುತ್ತಿ ಚೀಲವನ್ನು ನನ್ನ ಹೆಗಲಿಗೆ ಹಾಕಿ, ಮೊರ ತೆಗೆದುಕೊಂಡು, ಸೀರೆ ನೆನೆಯುವ ತನಕ ನೀರಿಗಿಳಿದು ಅದನ್ನು ತೇಲಿಬಿಟ್ಟರು. ಅದು ಒಂದು ಸುತ್ತು ತಿರುಗಿತು, ಉಳಿದವುಗಳ ಹಿಂದೆ ಕೋಡಿಯ ಕಡೆ ಹೋಯಿತು.

"ಆಯ್ತಲ್ಲ. ಕೈ ತೊಳ್ಕೊಂಡ್ ಬಾರವ್ವ, ಊಟಕ್ಕೆ ಒತ್ತಾಯ್ತು" ಎಂದು ಅಜ್ಜಿ ಕೂಗಿದರು. ಹೆಂಗಸರಲ್ಲಿ ಇಬ್ಬರು ಊಟಕ್ಕೆ ನಿಲ್ಲದೆ ಹೊರಟುಹೋದರು. ಉಳಿದವರು ನಿಂತರು.

ಸಂಜೆ ಅತ್ತಿಗೆ ನನ್ನನ್ನು ಬಸ್ಸಿಗೆ ಬಿಡಲು ಬಂದರು. ಅವರು ತಮ್ಮ ಚೀಲ ತಂದಿರಲಿಲ್ಲ. ನಾನು ಕೇಳಲಿಲ್ಲ, ಅವರೇ ಹೇಳಿದರು.

"ಅಂಗಡಿಗೆ ಇಲ್ಲಿಂದಾನೇ ಹೋಗಿ ಬರ್ತೀನಿ. ಇನ್ನೊಂದ್ ಬಸ್ಸು ಜಾಸ್ತಿ ಆಗುತ್ತೆ, ಅಷ್ಟೇ. ಅಮ್ಮಂಗೆ ನಾನೇ ಫೋನ್ ಮಾಡ್ತೀನಿ."

"ಮನಸ್ಸು ಎಳೀತಾ ಈ ಕಡೆ?"

"ಸ್ವಲ್ಪ. ಅಜ್ಜಿ ಎಣಿಸಿದ್ಲಲ್ಲ." ಆಮೇಲೆ ಅಣ್ಣನ ಟೋಪಿ ತೆಗೆದು ನನ್ನ ತಲೆಗಿಟ್ಟರು. "ಹೋದ ದಾರೀಲಿ ವಾಪಸ್ ಬರೋ ಹಾಗಿಲ್ಲ ಅಂತ ನಿಮ್ಮಣ್ಣಾನೇ ಹೇಳಿದ್ರಲ್ಲ. ನೀನೂ ಬಾಗಲೂರು ಕ್ರಾಸ್ ಕಡೆಯಿಂದ ಸುತ್ಕೊಂಡ್ ಹೋಗು."

ಹಾಗೇ ಸುತ್ತಿಕೊಂಡು ಹೋದೆ. ಬಸ್ಸಿನಲ್ಲಿ ಕಂಡಕ್ಟರ್ "ಒಬ್ಬರೇನಾ?" ಎಂದ. ಒಬ್ಬಳೇ ಎಂದೆ. ಮನೆಯಲ್ಲಿ ಅಮ್ಮ ಬಾಗಿಲು ತೆಗೆದು, ನನ್ನ ಹಿಂದೆ ಖಾಲಿಯಿದ್ದ ಗೇಟನ್ನು ನೋಡಿ, ಚೀಲ ಇಸಿದುಕೊಂಡರು. ಎರಡೂ ಡಬ್ಬಿ ತುಂಬಿದ್ದವು.

"ಅವಳದು ಊಟ ಆಯ್ತಾ ಅಲ್ಲಿ?"

"ಆಯ್ತು."

"ಸರಿ" ಎಂದರು. ರಾತ್ರಿ ಅಪ್ಪ, ಅಮ್ಮ, ನಾನು ಆ ಚಿತ್ರಾನ್ನವನ್ನೇ ತಿಂದೆವು. ಹಕ್ಕಿಗಳ ಜಾಗದಲ್ಲಿ ಅವತ್ತು ಏನೂ ಬರೆಯಲಿಲ್ಲ. ಎಣಿಸಿರಲಿಲ್ಲ.

ಅಂಗಡಿಯಾಕೆ ಮೂರನೆಯ ಸಲ ಕೇಳುವ ಮೊದಲು ಹೇಳಿದೆ. "ಒಂದು ಜೊತೆ. ಚೆನ್ನಾಗಿ ಒಣಗಿರೋದು ಕೊಡಿ, ಗೌರಿ ಬಾಗಿನಕ್ಕೆ."

ಅವಳು ರಾಶಿಯ ನಡುವಿನಿಂದ ಎರಡು ಮೊರ ಎಳೆದು, ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ತೋರಿಸಿದಳು. "ಯಾರಿಗವ್ವ, ಅಕ್ಕಂಗಾ?"

"ಅತ್ತಿಗೆಗೆ."

"ಸೊಸೆಗಾ?" ಅವಳಿಗೆ ನಗು ಬಂತು. "ಸೊಸೆಗೆ ಅವಳ ತವರಿನೋರು ಕಳಿಸ್ತಾರೆ ಕಣವ್ವ. ನಿಮ್ಮನೆಯಿಂದ ಹೋಗೋದು ಮನೆ ಮಗಳಿಗೆ."

"ಗೊತ್ತು" ಎಂದೆ. "ಅಮ್ಮ ಹಾಗೇ ಎಣಿಸಿದಾರೆ."

ಅವಳು ಎರಡನ್ನೂ ಮುಖಾಮುಖಿ ಇಟ್ಟು ದಾರ ಕಟ್ಟಿದಳು. ಅಮ್ಮ ಕಟ್ಟಿಕೊಟ್ಟಿದ್ದ ಅಕ್ಕಿ ಬೇಳೆಯ ಚೀಲದ ಜೊತೆ ಮೊರ ಹಿಡಿದು, ನಾನು ರಸ್ತೆ ದಾಟಿ ಕೋಗಿಲಿನ ಬಸ್ಸು ನಿಲ್ಲುವ ಕಡೆ ಹೋಗಿ ನಿಂತೆ.